ಎಪಾಕ್ಸಿಯೊಳಗೆ ಶಾಖಕ್ಕೆ ದಾರಿ: ಮಂಜುಗಡ್ಡೆಯ ನೆರವಿನಿಂದ ಬೋರಾನ್ ನೈಟ್ರೈಡ್ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸುವ ಸಮಗ್ರ ಮಾರ್ಗದರ್ಶಿ

ಎಪಾಕ್ಸಿ ವಿದ್ಯುತ್ತನ್ನು ಚೆನ್ನಾಗಿ ತಡೆಯುತ್ತದೆ, ಲೋಹಕ್ಕೂ ಸೆರಾಮಿಕ್ಕಿಗೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಎಲ್‌ಇಡಿ ಡ್ರೈವರ್, ಮೋಟಾರಿನ ಸುರುಳಿ, ಪವರ್ ಮಾಡ್ಯೂಲ್ ಎಲ್ಲದರಲ್ಲೂ ಅದು ಇರುವುದು ಇದೇ ಕಾರಣಕ್ಕೆ. ಶಾಖ ಸಾಗಿಸುವುದರಲ್ಲಿ ಮಾತ್ರ ಬಹಳ ಹಿಂದೆ. ಬರಿಯ ಎಪಾಕ್ಸಿಯ ಉಷ್ಣವಾಹಕತೆ ಸುಮಾರು 0.2 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್. ತಾಮ್ರದ್ದು 400ರ ಹತ್ತಿರ. (ಮುಂದೆ ಬರುವ ಉಷ್ಣವಾಹಕತೆಯ ಅಂಕಿಗಳೆಲ್ಲ ಇದೇ ಮಾನದಲ್ಲಿವೆ.)

ಇದಕ್ಕೆ ಎಲ್ಲರೂ ಮಾಡುವ ಉಪಾಯವೆಂದರೆ ಅಲ್ಯೂಮಿನಾ, ಬೋರಾನ್ ನೈಟ್ರೈಡ್, ಅಲ್ಯೂಮಿನಿಯಂ ನೈಟ್ರೈಡ್‌ನಂಥ ಫಿಲ್ಲರ್ ಪುಡಿಯನ್ನು ರೆಸಿನ್ನಿಗೆ, ಅಂದರೆ ಗಟ್ಟಿಯಾಗುವ ಮುಂಚಿನ ದ್ರವ ಎಪಾಕ್ಸಿಗೆ, ಕಲಸುವುದು. ವಾಹಕತೆ ಸಾಲದಿದ್ದರೆ ಇನ್ನಷ್ಟು ಪುಡಿ. ಹೀಗೆ ಸುರಿಯುತ್ತಾ ಹೋದರೆ ರೆಸಿನ್ ಮೊದಲು ಹಿಟ್ಟಿನಂತಾಗುತ್ತದೆ, ಗಾಳಿಗುಳ್ಳೆ ಒಳಗೇ ಉಳಿಯುತ್ತದೆ, ಗಟ್ಟಿಯಾದ ಮೇಲೆ ಸಣ್ಣ ಪೆಟ್ಟಿಗೂ ಬಿರುಕು ಬಿಡುತ್ತದೆ. ಈ ದಾರಿಯಲ್ಲಿ ಹೋಗುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಹಾಕಿದ ಫಿಲ್ಲರ್ ಒಂದಕ್ಕೊಂದು ತಾಗಿಕೊಂಡಿದೆಯೇ, ಶಾಖ ಹೋಗಬೇಕಾದ ದಿಕ್ಕಿಗೇ ಮುಖ ಮಾಡಿದೆಯೇ? ಎಷ್ಟು ಹಾಕಿದಿರಿ ಎಂಬುದು ಅದರ ನಂತರದ ಮಾತು.

ಮೊದಲು ಕಾಗದದ ಮೇಲೆ ಲೆಕ್ಕ

ಷಡ್ಭುಜ ಬೋರಾನ್ ನೈಟ್ರೈಡ್ (ಮುಂದೆ ಬಿಎನ್ ಎನ್ನುತ್ತೇನೆ) ತೆಳ್ಳನೆಯ ಬಿಲ್ಲೆಗಳ ರೂಪದಲ್ಲಿ ಸಿಗುತ್ತದೆ. ಬಿಲ್ಲೆಯ ಹರವಿನ ಉದ್ದಕ್ಕೆ ಅದರ ಉಷ್ಣವಾಹಕತೆ 300ಕ್ಕೂ ಮೇಲೆ. ದಪ್ಪದ ದಿಕ್ಕಿನಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಹರವಿನೊಳಗೆ ಪರಮಾಣುಗಳ ನಡುವೆ ಬಲವಾದ ಬಂಧಗಳಿವೆ, ಪದರದಿಂದ ಪದರಕ್ಕೆ ಇರುವುದು ದುರ್ಬಲ ಸೆಳೆತ. ಶಾಖವನ್ನು ಹೊತ್ತೊಯ್ಯುವ ಜಾಲಕದ ಕಂಪನಗಳು, ಅಂದರೆ ಫೋನಾನ್‌ಗಳು, ಬಲವಾದ ಬಂಧದ ದಿಕ್ಕಿನಲ್ಲಿ ಸಲೀಸಾಗಿ ಓಡುತ್ತವೆ.

ಈಗ 100ರಲ್ಲಿ 15 ಪಾಲು ಗಾತ್ರದಷ್ಟು ಬಿಎನ್ ಹಾಕಿದ್ದೇವೆ ಎಂದುಕೊಳ್ಳಿ. ಎಲ್ಲ ಬಿಎನ್ ಶಾಖದ ದಿಕ್ಕಿನಲ್ಲಿ ಮೇಲಿಂದ ಕೆಳಗಿನವರೆಗೆ ಎಲ್ಲೂ ತುಂಡಾಗದೆ ನಿಂತಿದ್ದರೆ, ಎರಡೂ ವಸ್ತುಗಳ ವಾಹಕತೆ ಪಾಲಿಗೆ ತಕ್ಕಂತೆ ಕೂಡುತ್ತದೆ: 0.15 × 300 + 0.85 × 0.2, ಅಂದರೆ 45. ಅದೇ ಬಿಎನ್ ಶಾಖದ ದಾರಿಗೆ ಅಡ್ಡಲಾಗಿ ಪದರದಂತೆ ಮಲಗಿ, ನಡುನಡುವೆ ಎಪಾಕ್ಸಿ ಬಂದರೆ ತಡೆಗಳು ಕೂಡುತ್ತವೆ. ಉತ್ತರ 0.235. ಅಡ್ಡ ಮಲಗಿದಾಗ ಬಿಎನ್‌ನ ಕಡಿಮೆ ವಾಹಕತೆಯನ್ನು ಹಿಡಿಯದೆ 300 ಎಂದೇ ಲೆಕ್ಕ ಹಾಕಿದರೂ ಇಷ್ಟೇ! ಸಾಮಾನು ಅದೇ, ತೂಕ ಅದೇ, ಜೋಡಣೆ ಮಾತ್ರ ಬೇರೆ. ಉತ್ತರದಲ್ಲಿ ಸುಮಾರು 190 ಪಟ್ಟು ಅಂತರ.

ನಿಜವಾದ ಮಾದರಿಗಳು ಇವೆರಡರ ನಡುವೆ ಬರುತ್ತವೆ. ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದ ಹಾವ್ ಬಾಯ್ ತಂಡ 2019ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮಂಜುಗಡ್ಡೆಯ ವಿಧಾನದಿಂದ ಸಾಲುಗೂಡಿಸಿದ 15 ಪಾಲು ಬಿಎನ್‌ಗೆ ಸಿಕ್ಕ ವಾಹಕತೆ 6.07. ಬರಿಯ ಎಪಾಕ್ಸಿಗೆ ಹೋಲಿಸಿದರೆ 30 ಪಟ್ಟು. ಹಾಗಾದರೆ 45ರಿಂದ 6ಕ್ಕೆ ಇಳಿದದ್ದು ಎಲ್ಲಿ? ಬಹುಪಾಲು ಬಿಲ್ಲೆಯಿಂದ ಬಿಲ್ಲೆಗೆ ದಾಟುವ ಗಡಿಗಳಲ್ಲಿ. ಎರಡು ವಸ್ತುಗಳ ಗಡಿಯಲ್ಲಿ ಶಾಖಕ್ಕೆ ಎದುರಾಗುವ ಈ ತಡೆಯನ್ನು 1941ರಲ್ಲಿ ಪ್ಯೋತ್ರ್ ಕಪಿತ್ಸಾ ದ್ರವ ಹೀಲಿಯಂ ಪ್ರಯೋಗಗಳಲ್ಲಿ ಗುರುತಿಸಿದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ನಮ್ಮ ಕೆಲಸಕ್ಕೆ ಇದರ ಅರ್ಥ ಇಷ್ಟು: ಬಿಲ್ಲೆ ದೊಡ್ಡದಿದ್ದಷ್ಟೂ ದಾಟಬೇಕಾದ ಗಡಿಗಳು ಕಡಿಮೆ. "ನ್ಯಾನೋ" ಎಂಬ ಹೆಸರಿಗೆ ಮರುಳಾಗಿ ತೀರಾ ಸಣ್ಣ ಪುಡಿ ತರಬೇಡಿ.

ಯಾವ ವಿಧಾನ, ಯಾವಾಗ

ಬ್ಲೇಡಿನಿಂದ ಸವರಿ ಹಾಳೆ ಮಾಡುವುದು, ಬಿಸಿಯಲ್ಲಿ ಒತ್ತುವುದು ಸುಲಭದ ದಾರಿಗಳು. ಆದರೆ ಅವುಗಳಲ್ಲಿ ಬಿಲ್ಲೆಗಳು ಮಲಗುತ್ತವೆ. ಶಾಖವನ್ನು ಅಗಲಕ್ಕೆ ಹರಡಬೇಕಿದ್ದರೆ ಅದೇ ಸರಿ. ಚಿಪ್ಪಿಗೂ ಹೀಟ್ ಸಿಂಕಿಗೂ ನಡುವೆ ಕೂರುವ ಪದರದಲ್ಲಿ ಶಾಖ ದಪ್ಪದ ದಿಕ್ಕಿನಲ್ಲಿ ಹೋಗಬೇಕು, ಅಲ್ಲಿ ಈ ಹಾಳೆ ಉಪಯೋಗಕ್ಕೆ ಬಾರದು. ಬಿಲ್ಲೆಗಳಿಗೆ ಕಬ್ಬಿಣದ ಆಕ್ಸೈಡ್ ಲೇಪಿಸಿ ಕಾಂತಕ್ಷೇತ್ರದಿಂದ ನಿಲ್ಲಿಸುವುದು ಇನ್ನೊಂದು ದಾರಿ. ಜ್ಯೂರಿಕ್‌ನ ಇಟಿಎಚ್‌ನಲ್ಲಿ ರ‍್ಯಾಂಡಲ್ ಅರ್ಬ್ ಮತ್ತು ಆಂದ್ರೆ ಸ್ಟುಡಾರ್ಟ್ ಅವರ ತಂಡ ಬಹಳ ದುರ್ಬಲ ಕ್ಷೇತ್ರದಲ್ಲೂ ಇದು ಸಾಧ್ಯವೆಂದು 2012ರಲ್ಲಿ ತೋರಿಸಿತು. ಬಿಲ್ಲೆಗಳು ಒಂದೇ ಸಮತಲಕ್ಕೆ ಬರಬೇಕಾದರೆ ಕ್ಷೇತ್ರ ಸುತ್ತುತ್ತಿರಬೇಕು ಎಂಬುದನ್ನು ಮರೆಯಬಾರದು. ಈ ವಿಧಾನದ ಕೊರತೆ ಒಂದೇ: ಬಿಲ್ಲೆಗಳು ದಿಕ್ಕಿಗೆ ತಿರುಗುತ್ತವೆ, ಒಂದಕ್ಕೊಂದು ತಾಗುತ್ತವೆ ಎಂಬ ಖಾತ್ರಿ ಇಲ್ಲ.

ದಿಕ್ಕು ಮತ್ತು ಸಂಪರ್ಕ ಎರಡನ್ನೂ ಒಟ್ಟಿಗೆ ಕೊಡುವುದು ಮಂಜುಗಡ್ಡೆಯ ವಿಧಾನ. ನೀರು ಹೆಪ್ಪುಗಟ್ಟುವಾಗ ತನ್ನೊಳಗಿನ ಕಣಗಳನ್ನು ಹರಳಿನಿಂದ ಹೊರಗೆ ತಳ್ಳುತ್ತದೆ. ಸಮುದ್ರದ ಮಂಜುಗಡ್ಡೆ ಉಪ್ಪನ್ನು ಹೊರದೂಡುವುದೂ ಹೀಗೆಯೇ. 2006ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಸಿಲ್ವೇನ್ ಡೆವಿಲ್ ಮತ್ತು ಸಂಗಡಿಗರು ಇದನ್ನೇ ಬಳಸಿ ಪದರ ಪದರವಾದ ಸೆರಾಮಿಕ್ ಹಂದರ ಕಟ್ಟಿದರು. ಮೇಲ್ಮುಖವಾಗಿ ಬೆಳೆಯುವ ಮಂಜಿನ ಹಾಳೆಗಳ ನಡುವೆ ಬಿಲ್ಲೆಗಳು ಒತ್ತಿಕೊಂಡು, ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳಂತೆ ಎದ್ದು ನಿಲ್ಲುತ್ತವೆ. ಮಂಜನ್ನು ಆವಿ ಮಾಡಿ ತೆಗೆದು, ಆ ಖಾಲಿ ಜಾಗಕ್ಕೆ ಎಪಾಕ್ಸಿ ತುಂಬಬೇಕು. ಮುಂದಿನ ಹಂತಗಳೆಲ್ಲ ಈ ವಿಧಾನದವು.

ಹಂತ 1: ಸಾಮಾನು

ಬಿಎನ್ ಬಿಲ್ಲೆಗಳು 5ರಿಂದ 10 ಮೈಕ್ರೋಮೀಟರ್ ಅಗಲದವು ಇರಲಿ. ಮಂಜಿನ ಪದರಗಳ ನಡುವಣ ಅಂತರಕ್ಕಿಂತ ಬಿಲ್ಲೆ ದೊಡ್ಡದಾದರೆ ಅದು ತಿರುಗಿ ನಿಲ್ಲಲಾರದು. ಬೈಂಡರ್ (ಬಿಲ್ಲೆಗಳನ್ನು ಹಿಡಿದಿಡುವ ಅಂಟು) ಆಗಿ ಪಾಲಿವಿನೈಲ್ ಆಲ್ಕೋಹಾಲ್ ಅಥವಾ ಸೋಡಿಯಂ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಜೊತೆಗೆ ಡಿಸ್ಟಿಲ್ಡ್ ವಾಟರ್. ಅಚ್ಚಿಗೆ ಟೆಫ್ಲಾನ್ ಗೋಡೆ, ತಾಮ್ರದ ತಳ. ತಣಿಸಲು ಲಿಕ್ವಿಡ್ ನೈಟ್ರೋಜನ್. ಮಂಜನ್ನು ಆವಿ ಮಾಡಿ ತೆಗೆಯುವ ಫ್ರೀಜ್ ಡ್ರೈಯರ್ ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಬಯೋಟೆಕ್ನಾಲಜಿ ಅಥವಾ ಫಾರ್ಮಸಿ ವಿಭಾಗದಲ್ಲಿ ವಿಚಾರಿಸಿ. ಅಲ್ಲಿ ಅದು ದಿನಬಳಕೆಯ ಯಂತ್ರ.

ರೆಸಿನ್ ವಿಷಯದಲ್ಲಿ ಒಂದು ಕಿವಿಮಾತು. ನಮ್ಮ ಕಾಲೇಜು ಲ್ಯಾಬುಗಳಲ್ಲಿ ಆರಾಲ್ಡೈಟ್ ಎಲ್‌ವೈ 556 ಜೊತೆಗೆ ಎಚ್‌ವೈ 951 ಹಾರ್ಡನರ್ (ರೆಸಿನ್ನನ್ನು ಗಟ್ಟಿಯಾಗಿಸುವ ದ್ರವ) ಬಳಸುವುದು ರೂಢಿ. ರೆಸಿನ್ ಸರಿ, ಈ ಕೆಲಸಕ್ಕೆ ಹಾರ್ಡನರ್ ಸರಿಯಲ್ಲ. ಎಚ್‌ವೈ 951 ಅಮೀನ್ ಜಾತಿಯದು. ಕಲಸಿದ ಸ್ವಲ್ಪ ಹೊತ್ತಿಗೇ ಬಿಸಿಯೇರಿ ಗಟ್ಟಿಯಾಗತೊಡಗುತ್ತದೆ. ಮೈಕ್ರೋಮೀಟರ್ ಅಗಲದ ಸಂದಿಗಳಿಗೆಲ್ಲ ರೆಸಿನ್ ಇಳಿಯಲು ಗಂಟೆಗಟ್ಟಲೆ ಸಮಯ ಬೇಕು. ಆದ್ದರಿಂದ ಅನ್‌ಹೈಡ್ರೈಡ್ ಹಾರ್ಡನರ್ ಆರಿಸಿ. ಎಲ್‌ವೈ 556 ಒಂದೇ ಇದ್ದಾಗ ಕೋಣೆಯ ಉಷ್ಣತೆಯಲ್ಲಿ ಜೇನುತುಪ್ಪದಷ್ಟು ದಪ್ಪ, ಸುಮಾರು 10,000 ಮಿಲಿಪಾಸ್ಕಲ್-ಸೆಕೆಂಡ್. ಅನ್‌ಹೈಡ್ರೈಡ್ ಸೇರಿದರೆ ಅದು ಸಾವಿರಕ್ಕಿಂತ ಕೆಳಗಿಳಿಯುತ್ತದೆ, ಬಿಸಿ ಮಾಡಿದರೆ ಇನ್ನೂ ತೆಳ್ಳಗಾಗುತ್ತದೆ.

ಹಂತ 2: ಸ್ಲರಿ

ಸ್ಲರಿ ಎಂದರೆ ನೀರಿನಲ್ಲಿ ಬಿಎನ್ ಮತ್ತು ಬೈಂಡರ್ ಕಲಸಿದ ಮಂದ ದ್ರವ. 15 ಪಾಲಿನ ಸ್ಲರಿಗೆ ಲೆಕ್ಕ ಹೀಗೆ. ಬಿಎನ್ ಸಾಂದ್ರತೆ ಪ್ರತಿ ಮಿಲಿಗೆ 2.27 ಗ್ರಾಂ. 100 ಮಿಲಿ ಸ್ಲರಿಯಲ್ಲಿ 15 ಮಿಲಿ ಬಿಎನ್ ಬೇಕು, ಅಂದರೆ 34 ಗ್ರಾಂ. ನೀರು 85 ಗ್ರಾಂ. ಬೈಂಡರ್ 1 ಗ್ರಾಂ. ಮೊದಲ ಸಲ ಮಾಡುವವರು 8–10 ಪಾಲಿನಿಂದ ಶುರು ಮಾಡುವುದು ಒಳ್ಳೆಯದು. 15ಕ್ಕೆ ಬರುವಾಗ ಸ್ಲರಿ ಸಾಕಷ್ಟು ಮಂದವಾಗಿರುತ್ತದೆ.

ಬೈಂಡರನ್ನು ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿ. ಪಾಲಿವಿನೈಲ್ ಆಲ್ಕೋಹಾಲ್ ಆದರೆ ತಣ್ಣೀರಿಗೆ ಉದುರಿಸಿ ಕಲಕುತ್ತಲೇ 90 ಡಿಗ್ರಿಗೆ ಏರಿಸಬೇಕು. ನೇರವಾಗಿ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ತಣಿದ ಮೇಲೆ ಬಿಎನ್ ಅನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಬಿಎನ್ ಸುಲಭಕ್ಕೆ ನೀರು ಹಿಡಿಯುವುದಿಲ್ಲ, ಮೇಲೆ ಬಿಳಿ ಕೆನೆಯಂತೆ ತೇಲುತ್ತದೆ. ತಾಳ್ಮೆಯಿಂದ ಕಲಕಿ. ಆಮೇಲೆ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಇಡಬಹುದು. ಪ್ರೋಬ್ ಸಾನಿಕೇಟರನ್ನು ಹೆಚ್ಚು ಹೊತ್ತು ಓಡಿಸಿದರೆ ಬಿಲ್ಲೆಗಳು ತುಂಡಾಗುತ್ತವೆ, ದೊಡ್ಡ ಬಿಲ್ಲೆ ತಂದ ಲಾಭವೆಲ್ಲ ಹೋಗುತ್ತದೆ. ಕೊನೆಗೆ ನಿಧಾನವಾಗಿ ಕಲಕುತ್ತಾ ವ್ಯಾಕ್ಯೂಮ್ ಕೊಟ್ಟು ಗುಳ್ಳೆ ತೆಗೆಯಿರಿ. ಸ್ಲರಿಯಲ್ಲಿ ಉಳಿದ ಒಂದು ಗುಳ್ಳೆ ಹಂದರದಲ್ಲಿ ಒಂದು ತೂತಾಗಿ ನಿಲ್ಲುತ್ತದೆ.

ಒಣ ಬಿಎನ್ ತೂಗುವಾಗ ಮಾಸ್ಕ್ ಹಾಕಿಕೊಳ್ಳಿ.

ಹಂತ 3: ಹೆಪ್ಪುಗಟ್ಟಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ತಾಮ್ರದ ದಪ್ಪ ಸರಳಿನ ಕೆಳತುದಿಯನ್ನು ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಮುಳುಗಿಸಿ, ಮೇಲ್ತುದಿಯ ಮೇಲೆ ಅಚ್ಚನ್ನು ಕೂರಿಸಬೇಕು. ಟೆಫ್ಲಾನ್ ಗೋಡೆ ಶಾಖವನ್ನು ಬಿಡುವುದಿಲ್ಲವಾದ್ದರಿಂದ ತಣುಪು ತಳದಿಂದಷ್ಟೇ ಬರುತ್ತದೆ, ಮಂಜು ನೇರ ಮೇಲಕ್ಕೆ ಬೆಳೆಯುತ್ತದೆ. ಅಚ್ಚಿನ ಸುತ್ತ ಥರ್ಮೋಕೋಲ್ ಸುತ್ತಿದರೆ ಇನ್ನೂ ಒಳ್ಳೆಯದು. ಸರಳಿನ ತುದಿಯಲ್ಲಿ ಒಂದು ಥರ್ಮೋಕಪಲ್ ಕಡ್ಡಾಯ. ನೈಟ್ರೋಜನ್ ಮಟ್ಟ ಏರಿಳಿಸಿಯೋ, ಸರಳಿಗೆ ಚಿಕ್ಕ ಹೀಟರ್ ಸುತ್ತಿ ನಿಯಂತ್ರಿಸಿಯೋ ತಳದ ಉಷ್ಣತೆ ಒಂದೇ ಗತಿಯಲ್ಲಿ ಇಳಿಯುವಂತೆ ನೋಡಿಕೊಳ್ಳಬೇಕು.

ಒಂದೇ ಗತಿಯಲ್ಲಿ ಇಳಿಸುವುದಕ್ಕೆ ಕಾರಣವಿದೆ. ತಳದ ಉಷ್ಣತೆಯನ್ನು ಒಂದೇ ಕಡೆ ನಿಲ್ಲಿಸಿಬಿಟ್ಟರೆ, ಮಂಜಿನ ಪದರ ದಪ್ಪವಾದಂತೆ ಅದೇ ತಣುಪಿಗೆ ಅಡ್ಡಿಯಾಗಿ, ಮಂಜು ಏರುವ ವೇಗ ಕುಸಿಯುತ್ತದೆ. ಆಗ ಕೆಳಗೆ ಸಣ್ಣ ಸಂದಿ, ಮೇಲೆ ದೊಡ್ಡ ಸಂದಿ. ನಿಮಿಷಕ್ಕೆ ಇಷ್ಟು ಡಿಗ್ರಿ ಎಂದು ಇಳಿಸುತ್ತಾ ಹೋದರೆ ವೇಗ ಹೆಚ್ಚುಕಡಿಮೆ ಸಮವಾಗಿರುತ್ತದೆ. 15 ಮಿಲಿಮೀಟರ್ ಎತ್ತರ 25 ನಿಮಿಷದಲ್ಲಿ ಹೆಪ್ಪುಗಟ್ಟಿದರೆ ವೇಗ ಸೆಕೆಂಡಿಗೆ 10 ಮೈಕ್ರೋಮೀಟರ್. ಶುರುವಿಗೆ ಇದು ಒಳ್ಳೆಯ ಗುರಿ. ವೇಗ ಹೆಚ್ಚಿಸಿದರೆ ಪದರಗಳು ಹತ್ತಿರ ಹತ್ತಿರ ಬರುತ್ತವೆ. ತೀರಾ ಹೆಚ್ಚಿಸಿದರೆ ಕಣಗಳಿಗೆ ಸರಿದುಕೊಳ್ಳಲು ಸಮಯವೇ ಸಿಗದೆ ಮಂಜಿನೊಳಗೇ ಸಿಕ್ಕಿಬೀಳುತ್ತವೆ, ಆಗ ಸಾಲೂ ಇಲ್ಲ, ಪದರವೂ ಇಲ್ಲ.

ಸ್ಲರಿ ಸುರಿಯುವ ಮುಂಚೆ ಅದನ್ನು 4–5 ಡಿಗ್ರಿಗೆ ತಣಿಸಿಡಿ. ಸುರಿದ ಮೇಲೆ ಅಚ್ಚಿನ ಬಾಯಿಯನ್ನು ಗಮನಿಸುತ್ತಿರಿ. ತೇವದ ಹೊಳಪಿದ್ದ ಮೇಲ್ಮೈ ನಡುವಿನಿಂದಲೋ ಅಂಚಿನಿಂದಲೋ ಮಂಕಾಗುತ್ತಾ ಬರುತ್ತದೆ. ಅಂಚಿನಿಂದ ಒಳಕ್ಕೆ ಮಂಕಾದರೆ ಗೋಡೆಯಿಂದ ತಣುಪು ಬರುತ್ತಿದೆ ಎಂದು ಅರ್ಥ, ಅಂದರೆ ಬಿಲ್ಲೆಗಳು ಓರೆಯಾಗಿವೆ. ಗೋಡೆ ದಪ್ಪ ಮಾಡಿ. ಇಡೀ ಮೇಲ್ಮೈ ಒಟ್ಟಿಗೆ ಮಂಕಾದರೆ ನಿಶ್ಚಿಂತೆ.

ತಳದಿಂದ ಮಾತ್ರ ತಣಿಸಿದಾಗ ಬಿಲ್ಲೆಗಳೆಲ್ಲ ನಿಲ್ಲುತ್ತವೆ ನಿಜ, ಆದರೆ ಮೇಲಿಂದ ನೋಡಿದರೆ ಒಂದೊಂದು ಗುಂಪು ಒಂದೊಂದು ಕಡೆ ತಿರುಗಿರುತ್ತದೆ. ದಪ್ಪದ ದಿಕ್ಕಿನ ವಾಹಕತೆ ಸಾಕೆನ್ನುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಎಲ್ಲ ಪದರಗಳೂ ಸಮಾನಾಂತರವಾಗಿ ಬೇಕೆಂದರೆ ತಾಮ್ರದ ತಳದ ಮೇಲೆ ಸಿಲಿಕೋನ್ ರಬ್ಬರಿನ ಇಳಿಜಾರು ಬೆಣೆಯೊಂದನ್ನು ಇಡಿ. ಬೆಣೆಯ ತೆಳು ಕಡೆ ಬೇಗ ತಣಿಯುತ್ತದೆ, ದಪ್ಪ ಕಡೆ ತಡವಾಗಿ. ಮಂಜು ಅಡ್ಡಕ್ಕೂ ಮೇಲಕ್ಕೂ ಎರಡು ದಿಕ್ಕಿನಲ್ಲಿ ಬೆಳೆದು ಪದರಗಳು ಒಂದೇ ಸಾಲಿಗೆ ಬರುತ್ತವೆ. ಬಾಯ್ ತಂಡದ 6.07 ಬಂದದ್ದು ಈ ಎರಡು ದಿಕ್ಕಿನ ವಿಧಾನದಿಂದಲೇ.

ಎಚ್ಚರಿಕೆ: ಒಂದು ಲೀಟರ್ ಲಿಕ್ವಿಡ್ ನೈಟ್ರೋಜನ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗುವುದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಕಿಟಕಿ ತೆರೆದಿರಲಿ, ಒಬ್ಬರೇ ಕೆಲಸ ಮಾಡಬೇಡಿ.

ಹಂತ 4: ಒಣಗಿಸುವುದು

ನೀರಿನ ತ್ರಿಬಿಂದು ಒತ್ತಡ 611 ಪಾಸ್ಕಲ್. ಅದಕ್ಕಿಂತ ಕೆಳಗೆ ಮಂಜು ಕರಗದೆ ನೇರ ಆವಿಯಾಗುತ್ತದೆ. ಫ್ರೀಜ್ ಡ್ರೈಯರ್ ಕೆಲವು ಹತ್ತು ಪಾಸ್ಕಲ್ ಅಥವಾ ಇನ್ನೂ ಕಡಿಮೆಗೆ ಇಳಿಯುತ್ತದೆ. 15 ಮಿಲಿಮೀಟರ್ ತುಂಡಿಗೆ ಎರಡು ದಿನ ಕೊಡಿ. ಮಾದರಿ ಹಾಕುವ ತಟ್ಟೆಯನ್ನೂ ಮೊದಲೇ ಫ್ರೀಜರಿನಲ್ಲಿಟ್ಟು ತಣಿಸಿ, ಅಚ್ಚಿನಿಂದ ಬಿಡಿಸುವ ಕೆಲಸ ಬೇಗ ಮುಗಿಸಿ. ಸ್ವಲ್ಪ ಕರಗಿದರೂ ಅಂಚು ಕುಸಿಯುತ್ತದೆ. ಎರಡು ಸಲ ತೂಗಿದಾಗ ತೂಕ ಒಂದೇ ಬಂದರೆ ಒಣಗಿದೆ.

ಈಗ ನಿಜವಾದ ಬಿಎನ್ ಪಾಲು ಲೆಕ್ಕ ಹಾಕಿ. ನೀರು ಮಂಜಾಗುವಾಗ ಶೇ 9ರಷ್ಟು ಹಿಗ್ಗುವುದರಿಂದ 15 ಪಾಲಿನ ಸ್ಲರಿ 15 ಪಾಲಿನ ಹಂದರವನ್ನು ಕೊಡುವುದಿಲ್ಲ. 20 × 20 × 15 ಮಿಲಿಮೀಟರ್ ತುಂಡು, ಅಂದರೆ 6 ಘನ ಸೆಂಟಿಮೀಟರ್, 1.95 ಗ್ರಾಂ ತೂಗಿತು ಎನ್ನಿ. ಬೈಂಡರ್ ಕಳೆದರೆ ಬಿಎನ್ 1.89 ಗ್ರಾಂ, ಗಾತ್ರ 0.83 ಘನ ಸೆಂಟಿಮೀಟರ್, ಪಾಲು 13.9. ವರದಿಯಲ್ಲಿ ಬರೆಯಬೇಕಾದ್ದು ಈ ಅಂಕಿ.

ಬೈಂಡರನ್ನು ಸುಟ್ಟು ತೆಗೆಯಬೇಕೇ? ತೆಗೆದರೆ ಬಿಲ್ಲೆಗಳ ನಡುವಿನ ಪಾಲಿಮರ್ ಪದರ ಹೋಗುತ್ತದೆ, ಆದರೆ ಹಂದರ ಉಸಿರು ತಾಗಿದರೂ ಉದುರುವಷ್ಟು ದುರ್ಬಲವಾಗುತ್ತದೆ. ಬೈಂಡರ್ ಪ್ರಮಾಣ ಬಿಎನ್ ತೂಕದ ಶೇ 3ರ ಒಳಗಿದ್ದರೆ ಹಾಗೇ ಬಿಡಿ ಎಂಬುದು ನನ್ನ ಸಲಹೆ.

ಹಂತ 5: ರೆಸಿನ್ ತುಂಬಿಸುವುದು

ರೆಸಿನ್, ಹಾರ್ಡನರ್, ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಆಕ್ಸಿಲರೇಟರ್ ಮೂರನ್ನೂ ಕಂಪನಿಯ ಡೇಟಾಶೀಟಿನ ಅನುಪಾತದಲ್ಲೇ ತೂಗಿ. ಕಲಸಿ, 60 ಡಿಗ್ರಿಗೆ ಬಿಸಿ ಮಾಡಿ, ವ್ಯಾಕ್ಯೂಮಿನಲ್ಲಿ ಗುಳ್ಳೆ ತೆಗೆಯಿರಿ. ಹಂದರವನ್ನೂ ಅದೇ ಉಷ್ಣತೆಗೆ ತನ್ನಿ. ತಣ್ಣನೆಯ ಹಂದರಕ್ಕೆ ತಾಗಿದ ಕೂಡಲೇ ರೆಸಿನ್ ಮತ್ತೆ ಮಂದವಾಗುತ್ತದೆ.

ಹಂದರದ ಮೇಲಿಂದ ರೆಸಿನ್ ಸುರಿಯಬೇಡಿ. ಮೇಲೆ ರೆಸಿನ್ ಮುಚ್ಚಳ ಬಿದ್ದರೆ ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲ. ಪಾತ್ರೆಯಲ್ಲಿ ಹಂದರವನ್ನಿಟ್ಟು, ಪಕ್ಕದಿಂದ, ಎತ್ತರದ ಮೂರನೇ ಒಂದು ಭಾಗದವರೆಗೆ ಮಾತ್ರ ರೆಸಿನ್ ಬಿಡಿ. ನಿಂತ ಪದರಗಳ ಸಂದಿಗಳೇ ಕೊಳವೆಗಳಾಗಿ ರೆಸಿನ್ನನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಅಚ್ಚ ಬಿಳಿಯಾಗಿದ್ದ ತುಂಡು ಕೆಳಗಿನಿಂದ ಒದ್ದೆಯಾಗಿ ಬಣ್ಣ ಬದಲಿಸುತ್ತಾ ಬರುವ ಗೆರೆ ಬರಿಗಣ್ಣಿಗೆ ಕಾಣುತ್ತದೆ. ಗೆರೆ ಮೇಲ್ಮೈ ಮುಟ್ಟಿ ಅಲ್ಲಿ ತೇವ ಹೊಳೆದ ಮೇಲೆಯೇ ಉಳಿದ ರೆಸಿನ್ ಹಾಕಿ ಮುಳುಗಿಸಿ. ಆಮೇಲೆ ವ್ಯಾಕ್ಯೂಮ್ ನಿಧಾನವಾಗಿ ಏರಿಸಿ, ಗುಳ್ಳೆ ಬರುವುದು ನಿಂತ ಮೇಲೆ ಗಾಳಿ ಬಿಡಿ. ಹೊರಗಿನ ಒತ್ತಡವೇ ರೆಸಿನ್ನನ್ನು ಉಳಿದ ಸಂದಿಗಳಿಗೆ ನೂಕುತ್ತದೆ. ಇದನ್ನು ಕೆಲವು ಬಾರಿ ಮಾಡಿ. ಬಿಸಿಯಲ್ಲಿ ಬಹಳ ಹೊತ್ತು ಜೋರು ವ್ಯಾಕ್ಯೂಮ್ ಕೊಟ್ಟರೆ ಅನ್‌ಹೈಡ್ರೈಡ್ ಆವಿಯಾಗಿ ಅನುಪಾತ ಕೆಡುತ್ತದೆ, ಆ ಎಚ್ಚರವೂ ಇರಲಿ. ಅನ್‌ಹೈಡ್ರೈಡ್ ಆವಿ ಶ್ವಾಸಕ್ಕೂ ಚರ್ಮಕ್ಕೂ ಕೆಟ್ಟದ್ದು: ನೈಟ್ರೈಲ್ ಕೈಗವಸು, ಫ್ಯೂಮ್ ಹುಡ್ ಎರಡೂ ಬೇಕು.

ಕ್ಯೂರಿಂಗ್‌ಗೆ (ರೆಸಿನ್ ಗಟ್ಟಿಗೊಳಿಸುವುದಕ್ಕೆ) ಡೇಟಾಶೀಟ್ ನೋಡಿ. 80 ಡಿಗ್ರಿಯಲ್ಲಿ ಕೆಲವು ಗಂಟೆ, ನಂತರ 140ರಲ್ಲಿ ಕೆಲವು ಗಂಟೆ ಎಂಬುದು ಈ ಜಾತಿಯ ರೆಸಿನ್ನಿಗೆ ಸಾಮಾನ್ಯ ಕ್ರಮ. ಓವನ್ ಆಫ್ ಮಾಡಿ ಒಳಗೇ ತಣಿಯಲು ಬಿಡಿ.

ಹಂತ 6: ಕತ್ತರಿಸುವುದು, ಅಳೆಯುವುದು

ತಾಮ್ರಕ್ಕೆ ತಾಗಿದ್ದ ತಳದ 1–2 ಮಿಲಿಮೀಟರ್ ಕತ್ತರಿಸಿ ಬಿಸಾಡಿ. ಅಲ್ಲಿ ನೀರು ಒಮ್ಮೆಲೇ ಹೆಪ್ಪುಗಟ್ಟಿರುತ್ತದೆ, ಬಿಲ್ಲೆಗಳಿಗೆ ದಿಕ್ಕು ಇರುವುದಿಲ್ಲ. ಡೈಮಂಡ್ ಗರಗಸ ಬಳಸಿ, ಪ್ರತಿ ತುಂಡಿನ ಮೇಲೆ ಮಂಜು ಬೆಳೆದ ದಿಕ್ಕಿಗೆ ಬಾಣದ ಗುರುತು ಹಾಕಿ. ಕತ್ತರಿಸಿದ ಮೇಲೆ ಎಲ್ಲ ತುಂಡುಗಳೂ ಒಂದೇ ಥರ ಕಾಣುತ್ತವೆ.

ಮೊದಲು ಸಾಂದ್ರತೆ. 15 ಪಾಲು ಬಿಎನ್, 85 ಪಾಲು ಎಪಾಕ್ಸಿ ಆದರೆ ಗುಳ್ಳೆಯಿಲ್ಲದ ಸಾಂದ್ರತೆ 1.33 ಇರಬೇಕು (ಎಪಾಕ್ಸಿಗೆ 1.16 ಹಿಡಿದು). ನೀರಿನಲ್ಲಿ ಮುಳುಗಿಸಿ ಅಳೆದಾಗ 1.29 ಬಂದರೆ ಶೇ 3ರಷ್ಟು ಜಾಗ ಖಾಲಿ ಉಳಿದಿದೆ.

ವಾಹಕತೆಗೆ ಲೇಸರ್ ಫ್ಲಾಶ್ ವಿಧಾನ ಅನುಕೂಲ: ತುಂಡಿನ ಒಂದು ಮುಖಕ್ಕೆ ಕ್ಷಣಮಾತ್ರ ಲೇಸರ್ ಬೆಳಕು ಕೊಟ್ಟು, ಹಿಂಬದಿ ಎಷ್ಟು ಬೇಗ ಬಿಸಿಯಾಗುತ್ತದೆ ಎಂದು ನೋಡುವುದು. 1961ರಲ್ಲಿ ಪಾರ್ಕರ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಸರಳ: ದಪ್ಪದ ವರ್ಗವನ್ನು 0.1388ರಿಂದ ಗುಣಿಸಿ, ಹಿಂಬದಿಯ ಉಷ್ಣತೆ ತನ್ನ ಒಟ್ಟು ಏರಿಕೆಯ ಅರ್ಧಕ್ಕೆ ಬರಲು ಹಿಡಿದ ಸಮಯದಿಂದ ಭಾಗಿಸಿದರೆ ಉಷ್ಣ ವಿಸರಣೆ ಸಿಗುತ್ತದೆ. ಅದನ್ನು ಸಾಂದ್ರತೆ, ವಿಶಿಷ್ಟೋಷ್ಣ ಎರಡರಿಂದ ಗುಣಿಸಿದರೆ ವಾಹಕತೆ. ವಾಹಕತೆ 4ರಷ್ಟಿರುವ 2 ಮಿಲಿಮೀಟರ್ ತುಂಡಿಗೆ ಆ ಸಮಯ ಸುಮಾರು 0.2 ಸೆಕೆಂಡ್. ಬಿಎನ್ ಬಿಳಿಯಾದ್ದರಿಂದ ಬೆಳಕು ಪ್ರತಿಫಲಿಸುತ್ತದೆ. ಎರಡೂ ಮುಖಗಳಿಗೆ ಗ್ರಾಫೈಟ್ ಸ್ಪ್ರೇ ತೆಳ್ಳಗೆ ಹೊಡೆಯಿರಿ. ಬಾಣದ ದಿಕ್ಕಿಗೂ ಅದಕ್ಕೆ ಅಡ್ಡಲಾಗಿಯೂ ಅಳೆಯಿರಿ. ಜೊತೆಗೆ ಅದೇ ಪಾಲಿನ ಬಿಎನ್ ಅನ್ನು ಸುಮ್ಮನೆ ಕಲಸಿ ಮಾಡಿದ ತುಂಡೊಂದೂ ಇರಲೇಬೇಕು, ಇಲ್ಲದಿದ್ದರೆ ಸಾಲುಗೂಡಿಸಿದ್ದರಿಂದ ಎಷ್ಟು ಲಾಭ ಎಂದು ಹೇಳುವ ಆಧಾರವೇ ಇರುವುದಿಲ್ಲ.

ಅಂಕಿ ಕಡಿಮೆ ಬಂದರೆ

ಸಾಂದ್ರತೆಯೇ ಕಡಿಮೆ ಇದ್ದರೆ ತಪ್ಪು ರೆಸಿನ್ ತುಂಬಿಸಿದ ರೀತಿಯಲ್ಲಿದೆ, ಹಂತ 5ಕ್ಕೆ ಹೋಗಿ. ಸಾಂದ್ರತೆ ಸರಿಯಿದ್ದು, ಉದ್ದಕ್ಕೂ ಅಡ್ಡಕ್ಕೂ ಒಂದೇ ಅಂಕಿ ಬಂದರೆ ಬಿಲ್ಲೆಗಳು ಸಾಲುಗೂಡಿಲ್ಲ. ಅದನ್ನು ಎಕ್ಸ್‌ರೇ ಡಿಫ್ರಾಕ್ಷನ್ನಿನಲ್ಲಿ (ಎಕ್ಸ್‌ರೇ ಚದುರುವ ಕೋನದಿಂದ ಹರಳುಗಳ ದಿಕ್ಕು ತಿಳಿಯುವ ವಿಧಾನ) ನೋಡಿ. ತಾಮ್ರದ ಎಕ್ಸ್‌ರೇ ಬಳಸಿದರೆ ಬಿಲ್ಲೆಯ ಹರವಿನ ಶಿಖರ 26.7 ಡಿಗ್ರಿಯ ಹತ್ತಿರ, ಅಂಚಿನ ಶಿಖರ 41.6 ಡಿಗ್ರಿಯ ಹತ್ತಿರ ಬರುತ್ತದೆ. ದಿಕ್ಕಿಲ್ಲದ ಪುಡಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಆರೇಳು ಪಟ್ಟು ಎತ್ತರ. ಬಾಣಕ್ಕೆ ಅಡ್ಡಲಾಗಿ ಕತ್ತರಿಸಿದ ಮುಖವನ್ನು ನೋಡಿದಾಗ ಬಿಲ್ಲೆಗಳು ನಿಂತಿದ್ದರೆ ಈ ಅನುಪಾತ ಚೆನ್ನಾಗಿ ಕುಸಿದಿರಬೇಕು. ಕುಸಿಯದಿದ್ದರೆ ಮಂಜಿನ ವೇಗ ಹೆಚ್ಚಾಗಿತ್ತು, ಇಲ್ಲವೇ ಸ್ಲರಿ ಬಿಲ್ಲೆಗಳು ತಿರುಗಲಾರದಷ್ಟು ಮಂದವಾಗಿತ್ತು.

ಅನುಪಾತ ಕುಸಿದಿದೆ, ಸಾಂದ್ರತೆಯೂ ಸರಿ, ಆದರೂ ವಾಹಕತೆ ಏರಿಲ್ಲವೆಂದರೆ ಬಿಲ್ಲೆಗಳು ನಿಂತಿವೆ, ಒಂದಕ್ಕೊಂದು ತಾಗಿಲ್ಲ. ಬೈಂಡರ್ ಕಡಿಮೆ ಮಾಡಿ, ಸಾನಿಕೇಷನ್ ಕಡಿಮೆ ಮಾಡಿ, ಅದೂ ಸಾಲದಿದ್ದರೆ ದೊಡ್ಡ ಬಿಲ್ಲೆ ತಂದು ಮಂಜಿನ ವೇಗ ತುಸು ತಗ್ಗಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಿಎನ್ ಪಾಲು ಹೆಚ್ಚಿಸುವುದು ಇವೆಲ್ಲ ಆದ ಮೇಲೆ.